ಕರೆಂಟು ಹೋಗಿ ಬಂದ ಮೇಲೆ ವೈ-ಫೈ ಪ್ರಿಂಟರ್ ‘ಆಫ್‌ಲೈನ್’: ಶಾಶ್ವತ ಪರಿಹಾರವಿದೆಯೇ?

ತೋಟದಮನೆ_ಸಾಗರ

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಗೆ ಕಳೆದ ಬೇಸಿಗೆಯಲ್ಲಿ ವೈ-ಫೈ ಸೌಲಭ್ಯವಿರುವ ಇಂಕ್ ಟ್ಯಾಂಕ್ ಪ್ರಿಂಟರ್ ತಂದೆವು. ಮಕ್ಕಳ ಶಾಲೆಯ ಕೆಲಸ, ಅಡಿಕೆ ಮಂಡಿಯ ಲೆಕ್ಕಪತ್ರ, ಪಹಣಿಯ ಸ್ಕ್ಯಾನ್ ಪ್ರತಿ ಎಲ್ಲಕ್ಕೂ ಅದೊಂದೇ ಯಂತ್ರ. ರೌಟರ್ ಕೆಳಗಿನ ಹಜಾರದಲ್ಲಿದೆ, ಪ್ರಿಂಟರ್ ಮಹಡಿಯ ಕೋಣೆಯಲ್ಲಿದೆ, ನಾನು ಬಳಸುವುದು ವಿಂಡೋಸ್ 11 ಇರುವ ಲ್ಯಾಪ್‌ಟಾಪ್.

ತಯಾರಕರ ತಂತ್ರಾಂಶವನ್ನು ಹಾಕಿಕೊಂಡು ಜೋಡಿಸಿದ ಹೊಸತರಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಆದರೆ ಮಳೆಗಾಲ ಹಿಡಿದ ಮೇಲೆ ನಮ್ಮ ಕಡೆ ಕರೆಂಟು ಹೋಗುವುದು ಬರುವುದು ಇದ್ದೇ ಇರುತ್ತದೆ. ಹಾಗೆ ಹೋಗಿ ಬಂದ ಮೇಲೆ ಲ್ಯಾಪ್‌ಟಾಪಿನಲ್ಲಿ ಪ್ರಿಂಟರ್ ‘ಆಫ್‌ಲೈನ್’ ಎಂದು ಕಾಣಿಸುತ್ತದೆ, ಕಳುಹಿಸಿದ ಪುಟಗಳು ಸರತಿಯಲ್ಲೇ ಉಳಿಯುತ್ತವೆ. ಪ್ರಿಂಟರನ್ನು ಪಟ್ಟಿಯಿಂದ ತೆಗೆದು ತಂತ್ರಾಂಶವನ್ನು ಮತ್ತೆ ಹಾಕಿದರೆ ಸರಿಹೋಗುತ್ತದೆ. ಮತ್ತೊಮ್ಮೆ ಕರೆಂಟು ಹೋದರೆ ಅದೇ ಕಥೆ. ವಿಚಿತ್ರವೆಂದರೆ, ಲ್ಯಾಪ್‌ಟಾಪು ‘ಆಫ್‌ಲೈನ್’ ಎನ್ನುತ್ತಿರುವಾಗಲೇ ನನ್ನ ಹೆಂಡತಿಯ ಫೋನಿನಿಂದ ಕಳುಹಿಸಿದ ಪುಟ ಸಲೀಸಾಗಿ ಮುದ್ರಣವಾಗುತ್ತದೆ.

ಇನ್ನೂ ಎರಡು ಸಂಗತಿಗಳನ್ನು ಹೇಳಬೇಕು. ಆರಂಭದಲ್ಲಿ ಪ್ರಿಂಟರಿಗೆ ನಮ್ಮ ವೈ-ಫೈ ಸಿಗದಿದ್ದಾಗ, ಇಂಟರ್ನೆಟ್ ಜೋಡಿಸಿಕೊಟ್ಟ ಹುಡುಗ ರೌಟರಿನಲ್ಲಿ 2.4 ಗಿಗಾಹರ್ಟ್ಸ್‌ಗೆ ಒಂದು ಹೆಸರು, 5 ಗಿಗಾಹರ್ಟ್ಸ್‌ಗೆ ಇನ್ನೊಂದು ಹೆಸರು ಇಟ್ಟುಹೋದ. ಈಗ ಪ್ರಿಂಟರ್ ಮೊದಲನೆಯದರಲ್ಲಿದೆ, ಲ್ಯಾಪ್‌ಟಾಪ್ ಎರಡನೆಯದರಲ್ಲಿದೆ. ತೊಂದರೆಗೆ ಇದೇ ಕಾರಣವಿರಬಹುದೇ? ಎರಡನೆಯದಾಗಿ, ಬೆಂಗಳೂರಿನಿಂದ ಬಂದು ಮನೆಯಿಂದಲೇ ಕೆಲಸ ಮಾಡುತ್ತಿರುವ ಮಗಳ ಕಚೇರಿ ಲ್ಯಾಪ್‌ಟಾಪಿಗೆ ಈ ಪ್ರಿಂಟರ್ ಒಮ್ಮೆಯೂ ಕಾಣಿಸಿಲ್ಲ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಧಾರವಾಡ_ದಾರಿಹೋಕ

ತೋಟದಮನೆಯವರೇ, ಊಹೆಯ ಮೇಲೆ ಉತ್ತರ ಹೇಳುವುದಕ್ಕಿಂತ ಎರಡು ಮಾಹಿತಿ ಸಿಕ್ಕರೆ ಒಳ್ಳೆಯದು. ‘ಆಫ್‌ಲೈನ್’ ಎಂದು ತೋರಿಸುತ್ತಿರುವ ಹೊತ್ತಿನಲ್ಲೇ ಪ್ರಿಂಟರಿನಿಂದ ನೆಟ್‌ವರ್ಕ್ ಸ್ಥಿತಿಯ ಪುಟವನ್ನು ಮುದ್ರಿಸಿ ನೋಡಿ. ಪರದೆ ಇರುವ ಪ್ರಿಂಟರಿನಲ್ಲಿ ಅದು ನೆಟ್‌ವರ್ಕ್ ಮೆನುವಿನಲ್ಲಿರುತ್ತದೆ, ಪರದೆ ಇಲ್ಲದ ಯಂತ್ರವಾದರೆ ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕೆಂದು ಕೈಪಿಡಿಯಲ್ಲಿ ಇರುತ್ತದೆ. ಆ ಪುಟದಲ್ಲಿರುವ ಐಪಿ ವಿಳಾಸವನ್ನು, ಅಂದರೆ ಮನೆಯ ಜಾಲದಲ್ಲಿ ಪ್ರಿಂಟರನ್ನು ಗುರುತಿಸುವ ಸಂಖ್ಯೆಯನ್ನು, ಬರೆದುಕೊಳ್ಳಿ. ಆಮೇಲೆ ಲ್ಯಾಪ್‌ಟಾಪಿನ ಸೆಟ್ಟಿಂಗ್ಸ್‌ನಲ್ಲಿ ‘ಬ್ಲೂಟೂತ್ ಆ್ಯಂಡ್ ಡಿವೈಸಸ್’, ಅದರೊಳಗೆ ‘ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್’ ತೆರೆದು, ನಿಮ್ಮ ಪ್ರಿಂಟರಿನ ‘ಪ್ರಿಂಟರ್ ಪ್ರಾಪರ್ಟೀಸ್’ಗೆ ಹೋಗಿ ‘ಪೋರ್ಟ್ಸ್’ ಎಂಬ ಹಾಳೆಯಲ್ಲಿ ಯಾವ ಸಾಲಿಗೆ ಗುರುತು ಬಿದ್ದಿದೆ ಎಂದು ತಿಳಿಸಿ.

ತೋಟದಮನೆ_ಸಾಗರ

ನಿನ್ನೆ ಸಂಜೆ ಕರೆಂಟು ಬಂದ ಮೇಲೆ ನೋಡಿದೆ, ಸರ್. ಪ್ರಿಂಟರ್ ಮುದ್ರಿಸಿಕೊಟ್ಟ ಪುಟದಲ್ಲಿ 192.168.1.9 ಎಂದಿದೆ. ಲ್ಯಾಪ್‌ಟಾಪಿನ ಪೋರ್ಟ್ಸ್ ಹಾಳೆಯಲ್ಲಿ ಗುರುತು ಬಿದ್ದಿರುವ ಸಾಲು ‘ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್’, ಅದರ ಎದುರು 192.168.1.5 ಎಂದಿದೆ.

ಧಾರವಾಡ_ದಾರಿಹೋಕ

ಕಾರಣ ಆ ಎರಡು ಅಂಕಿಗಳಲ್ಲೇ ಇದೆ.

ವೈ-ಫೈ ಪ್ರಿಂಟರ್ ಜೋಡಣೆಯಲ್ಲಿ ಎರಡು ಬೇರೆ ಬೇರೆ ಕೊಂಡಿಗಳಿರುತ್ತವೆ: ಪ್ರಿಂಟರಿನಿಂದ ರೌಟರಿಗೆ ಒಂದು, ಕಂಪ್ಯೂಟರಿನಿಂದ ಪ್ರಿಂಟರಿಗೆ ಮತ್ತೊಂದು. ನಿಮ್ಮಲ್ಲಿ ಮೊದಲನೆಯ ಕೊಂಡಿ ಗಟ್ಟಿಯಾಗಿಯೇ ಇದೆ, ಏಕೆಂದರೆ ಪ್ರಿಂಟರಿಗೆ ರೌಟರಿನಿಂದ ಸರಿಯಾದ ವಿಳಾಸ ಸಿಕ್ಕಿದೆ. ಸಿಗದೇ ಇದ್ದಿದ್ದರೆ ಆ ಪುಟದಲ್ಲಿ ಖಾಲಿ ಜಾಗವೋ, 169.254 ಎಂದು ಆರಂಭವಾಗುವ ಸಂಖ್ಯೆಯೋ ಇರುತ್ತಿತ್ತು. ತಪ್ಪಿರುವುದು ಎರಡನೆಯ ಕೊಂಡಿ. ರೌಟರ್ ಪ್ರತಿ ಸಾಧನಕ್ಕೂ ಐಪಿ ವಿಳಾಸವನ್ನು ಒಂದು ಅವಧಿಗೆ ಮಾತ್ರ ಕೊಡುತ್ತದೆ, ಮತ್ತು ಮನೆಬಳಕೆಯ ಹಲವು ರೌಟರುಗಳು ಕರೆಂಟು ಹೋದೊಡನೆ ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆವು ಎಂಬ ಲೆಕ್ಕವನ್ನೇ ಕಳೆದುಕೊಳ್ಳುತ್ತವೆ. ಮತ್ತೆ ಚಾಲೂ ಆದಾಗ ಮೊದಲು ಕೇಳಿದ ಸಾಧನಕ್ಕೆ 5ರಲ್ಲಿ ಮುಗಿಯುವ ವಿಳಾಸ ಹೋಗಿರಬಹುದು, ತಡವಾಗಿ ಎದ್ದ ಪ್ರಿಂಟರಿಗೆ 9 ದಕ್ಕಿದೆ. ತಯಾರಕರ ತಂತ್ರಾಂಶ ಜೋಡಣೆಯ ವೇಳೆ ಬರೆದಿಟ್ಟ 192.168.1.5 ಮಾತ್ರ ನಿಮ್ಮ ಲ್ಯಾಪ್‌ಟಾಪಿನಲ್ಲಿ ಹಾಗೆಯೇ ಉಳಿದಿದೆ. ತಂತ್ರಾಂಶವನ್ನು ಮತ್ತೆ ಹಾಕಿದಾಗ ಸರಿಹೋಗುವುದು ಆ ವಿಳಾಸ ಹೊಸದಾಗಿ ದಾಖಲಾಗುವುದರಿಂದಷ್ಟೇ.

ಆದ್ದರಿಂದ ಲ್ಯಾಪ್‌ಟಾಪನ್ನು ಮುಟ್ಟಬೇಡಿ, ರೌಟರಿನಲ್ಲಿ ಸರಿಪಡಿಸಿ. ರೌಟರಿನ ಅಡಿಯಲ್ಲಿ ಅಂಟಿಸಿರುವ ಚೀಟಿಯಲ್ಲಿ ಅದರ ಆಡಳಿತ ಪುಟದ ವಿಳಾಸ ಇರುತ್ತದೆ. ನಿಮ್ಮ ಅಂಕಿಗಳನ್ನು ನೋಡಿದರೆ ಅದು 192.168.1.1 ಇರಬೇಕು. ಬ್ರೌಸರಿನಲ್ಲಿ ಅದನ್ನು ತೆರೆದು ಒಳಹೋದರೆ ಲ್ಯಾನ್ ಅಥವಾ ಡಿಎಚ್‌ಸಿಪಿ ಎಂಬ ವಿಭಾಗದಲ್ಲಿ ವಿಳಾಸ ಕಾಯ್ದಿರಿಸುವ ಸೌಲಭ್ಯವಿರುತ್ತದೆ. ಕೆಲವು ಕಂಪನಿಗಳು ಅದನ್ನು ‘ಅಡ್ರೆಸ್ ರಿಸರ್ವೇಶನ್’ ಎನ್ನುತ್ತವೆ, ಕೆಲವು ‘ಸ್ಟ್ಯಾಟಿಕ್ ಲೀಸ್’ ಎಂದೋ ‘ಐಪಿ-ಮ್ಯಾಕ್ ಬೈಂಡಿಂಗ್’ ಎಂದೋ ಕರೆಯುತ್ತವೆ. ಅಲ್ಲಿ ಪ್ರಿಂಟರಿನ ಮ್ಯಾಕ್ ವಿಳಾಸವನ್ನು (ತಯಾರಿಕೆಯಲ್ಲೇ ಸಾಧನಕ್ಕೆ ಕೊಟ್ಟಿರುವ ಗುರುತಿನ ಸಂಖ್ಯೆಯನ್ನು) ನಮೂದಿಸಬೇಕು. ನೀವು ಮುದ್ರಿಸಿಕೊಂಡ ಪುಟದಲ್ಲೇ ಎರಡೆರಡರಂತೆ ಆರು ಜೋಡಿಗಳಲ್ಲಿ ಅದು ಇದೆ. ಅದರ ಎದುರು ಹೊಸ ವಿಳಾಸವನ್ನು ಬರೆಯುವ ಬದಲು ಹಳೆಯ 192.168.1.5 ಅನ್ನೇ ಬರೆಯಿರಿ. ಹೀಗೆ ಮಾಡಿದರೆ ಲ್ಯಾಪ್‌ಟಾಪಿನ ಪೋರ್ಟ್ ಆಗಲಿ, ಸ್ಕ್ಯಾನ್ ತಂತ್ರಾಂಶದೊಳಗೆ ದಾಖಲಾಗಿರುವ ವಿಳಾಸವಾಗಲಿ, ಯಾವುದನ್ನೂ ಬದಲಾಯಿಸಬೇಕಾಗಿಲ್ಲ. ಈಗ 5 ಅನ್ನು ಹಿಡಿದುಕೊಂಡಿರುವ ಸಾಧನ ಯಾವುದೆಂದು ರೌಟರಿನ ಪಟ್ಟಿಯಲ್ಲೇ ಕಾಣಿಸುತ್ತದೆ. ಆ ಸಾಧನವನ್ನು ಬಂದ್ ಮಾಡಿ, ರೌಟರನ್ನೂ ಒಮ್ಮೆ ಬಂದ್ ಮಾಡಿ ಚಾಲೂ ಮಾಡಿ, ಆಮೇಲೆ ಪ್ರಿಂಟರನ್ನು, ಕೊನೆಗೆ ಆ ಸಾಧನವನ್ನು ಹಚ್ಚಿರಿ.

2.4 ಮತ್ತು 5 ಗಿಗಾಹರ್ಟ್ಸ್ ಹೆಸರುಗಳ ಬಗ್ಗೆ ಚಿಂತೆ ಬೇಡ. ಮನೆಬಳಕೆಯ ಬಹಳಷ್ಟು ಪ್ರಿಂಟರುಗಳಿಗೆ 2.4 ಮಾತ್ರ ಗೊತ್ತು, ಹಾಗಾಗಿ ಆ ಹುಡುಗ ಮಾಡಿದ್ದು ಸರಿಯಾಗಿಯೇ ಇದೆ. ಎರಡು ಹೆಸರುಗಳಿದ್ದರೂ ಒಳಗಿರುವುದು ಒಂದೇ ಜಾಲವಾದ್ದರಿಂದ ಲ್ಯಾಪ್‌ಟಾಪು 5ರಲ್ಲಿದ್ದುಕೊಂಡೇ 2.4ರಲ್ಲಿರುವ ಪ್ರಿಂಟರಿಗೆ ಪುಟ ಕಳುಹಿಸಬಲ್ಲದು. ಅತಿಥಿಗಳಿಗೆಂದು ಇಟ್ಟಿರುವ ಗೆಸ್ಟ್ ವೈ-ಫೈಗೆ ಮಾತ್ರ ಪ್ರಿಂಟರನ್ನು ಸೇರಿಸಬಾರದು, ಏಕೆಂದರೆ ಅಲ್ಲಿ ಸಾಧನಗಳು ಒಂದನ್ನೊಂದು ನೋಡದಂತೆ ಸಾಮಾನ್ಯವಾಗಿ ತಡೆ ಹಾಕಿರುತ್ತಾರೆ.

ಕರಾವಳಿ_ಕಂಪ್ಯೂಟರ್

ಇಷ್ಟೆಲ್ಲ ಏಕೆ ಬೇಕು? ಪ್ರಿಂಟರಿನ ನೆಟ್‌ವರ್ಕ್ ಮೆನುವಿನಲ್ಲೇ ಐಪಿ ವಿಳಾಸವನ್ನು ‘ಮ್ಯಾನ್ಯುಯಲ್’ ಮಾಡಿ 192.168.1.5, ಸಬ್‌ನೆಟ್ ಮಾಸ್ಕ್ 255.255.255.0, ಗೇಟ್‌ವೇ 192.168.1.1 ಎಂದು ಬರೆದರೆ ಕೆಲಸ ಮುಗಿಯಿತು. ರೌಟರಿನ ಪಾಸ್‌ವರ್ಡ್ ಹುಡುಕುವ ತಾಪತ್ರಯವೂ ಇರುವುದಿಲ್ಲ.

ಮುಕ್ತ_ತಂತ್ರಾಂಶ_ಪ್ರಿಯ

ಕರಾವಳಿಯವರ ಸಲಹೆಯಿಂದ ಕೆಲಸ ಆಗಬಹುದು, ಆದರೆ ಅದರಲ್ಲಿ ಎರಡು ತೊಡಕುಗಳಿವೆ. ರೌಟರ್ ತಾನೇ ಹಂಚುವ ವಿಳಾಸಗಳ ವ್ಯಾಪ್ತಿಯೊಳಗೇ 5 ಇರುವುದರಿಂದ, ಪ್ರಿಂಟರ್ ಅದನ್ನು ತಾನಾಗಿ ಇಟ್ಟುಕೊಂಡದ್ದು ರೌಟರಿಗೆ ತಿಳಿಯದೆ ಅದೇ ಸಂಖ್ಯೆಯನ್ನು ಮತ್ತೊಂದು ಸಾಧನಕ್ಕೂ ಕೊಟ್ಟುಬಿಡಬಹುದು. ಆಗ ಎರಡೂ ಸಾಧನಗಳು ತಡವರಿಸುತ್ತವೆ. ಎರಡನೆಯದಾಗಿ, ಮುಂದೆ ಇಂಟರ್ನೆಟ್ ಕಂಪನಿ ಬದಲಿಸಿದಾಗ ಹೊಸ ರೌಟರು 192.168.0 ಅಥವಾ 192.168.29 ಎಂಬ ಸಾಲಿನಲ್ಲಿ ವಿಳಾಸ ಹಂಚುವುದಾದರೆ, ಕೈಯಾರೆ ಬರೆದ ಹಳೆಯ ವಿಳಾಸದ ಪ್ರಿಂಟರು ಹೊಸ ಜಾಲದಲ್ಲಿ ಯಾರಿಗೂ ಸಿಗದೆ ಕೂರುತ್ತದೆ, ಮತ್ತು ಅಷ್ಟು ಹೊತ್ತಿಗೆ ಆ ವಿಳಾಸವನ್ನು ಬರೆದ ನೆನಪು ಮನೆಯಲ್ಲಿ ಯಾರಿಗೂ ಇರುವುದಿಲ್ಲ. ರೌಟರಿನಲ್ಲಿ ಕಾಯ್ದಿರಿಸುವುದೇ ಲೇಸು ಎಂಬುದು ನನ್ನ ಅಭಿಪ್ರಾಯ.

ಫೋನಿನಿಂದ ಮುದ್ರಣವಾಗುವುದು ಹೇಗೆ ಎಂಬುದಕ್ಕೆ ಇನ್ನೂ ಯಾರೂ ಉತ್ತರಿಸಿಲ್ಲ. ಫೋನುಗಳು ಪ್ರಿಂಟರಿನ ವಿಳಾಸವನ್ನು ನೆನಪಿಟ್ಟುಕೊಂಡು ಕೂರುವುದಿಲ್ಲ. ಪ್ರಿಂಟರು ಜಾಲದಲ್ಲಿ ತನ್ನ ಹೆಸರನ್ನೂ ತಾನು ಏನು ಮಾಡಬಲ್ಲೆನೆಂಬುದನ್ನೂ ಎಂಡಿಎನ್‌ಎಸ್ ಎಂಬ ವಿಧಾನದಿಂದ ಸಾರುತ್ತಿರುತ್ತದೆ, ಫೋನು ಮುದ್ರಿಸುವಾಗಲೆಲ್ಲ ಆ ಹೆಸರನ್ನು ಹುಡುಕಿ ಆ ಕ್ಷಣದ ವಿಳಾಸವನ್ನು ಪಡೆಯುತ್ತದೆ. ಆ್ಯಪಲ್ ಸಂಸ್ಥೆ 2010ರಲ್ಲಿ ತಂದ ಏರ್‌ಪ್ರಿಂಟ್ ನಡೆಯುವುದು ಹೀಗೆಯೇ. ಆಂಡ್ರಾಯ್ಡ್ ಫೋನುಗಳಲ್ಲಿ 2013ರಲ್ಲಿ ಹುಟ್ಟಿದ ಮೋಪ್ರಿಯಾ ಒಕ್ಕೂಟದ ವ್ಯವಸ್ಥೆಯೂ ಬಹುಮಟ್ಟಿಗೆ ಇದೇ ಬಗೆಯದು. ನಾನು ಬಳಸುವ ಲಿನಕ್ಸಿನಲ್ಲಿ ಕಪ್ಸ್ ಎಂಬ ಮುದ್ರಣ ವ್ಯವಸ್ಥೆಯು ಇಂಥ ಪ್ರಿಂಟರುಗಳನ್ನು ಯಾವ ಡ್ರೈವರೂ (ಪ್ರಿಂಟರ್ ನಡೆಸಲು ತಯಾರಕರು ಕೊಡುವ ತಂತ್ರಾಂಶ) ಇಲ್ಲದೆ ಹೆಸರಿನಿಂದಲೇ ಗುರುತಿಸುತ್ತದೆ, ಆದ್ದರಿಂದ ವಿಳಾಸ ಬದಲಾದರೂ ಮುದ್ರಣ ನಿಲ್ಲುವುದಿಲ್ಲ. ವಿಂಡೋಸ್ ಕೂಡ ನಿಧಾನವಾಗಿ ಇದೇ ದಾರಿಗೆ ಬರುತ್ತಿದೆ. ತಯಾರಕರ ಡ್ರೈವರುಗಳಿಂದ ಹಂತಹಂತವಾಗಿ ದೂರ ಸರಿಯುವುದಾಗಿ ಮೈಕ್ರೋಸಾಫ್ಟ್ 2023ರಲ್ಲೇ ಹೇಳಿದೆ. ಆದರೆ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಿ ಬಂದಿರುವ ‘ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್’ ಎಂಬ ಆಯ್ಕೆಯನ್ನು ಕುತೂಹಲಕ್ಕೆ ಒತ್ತಿಬಿಡಬೇಡಿ. ತಯಾರಕರ ಡ್ರೈವರಿನಿಂದ ಜೋಡಿಸಿರುವ ಪ್ರಿಂಟರುಗಳನ್ನು ಅದು ಪಟ್ಟಿಯಿಂದ ತೆಗೆದುಹಾಕುತ್ತದೆ.

ಮೈಸೂರಿನ_ಮೇಷ್ಟ್ರು

ವಿಳಾಸದ ವಿಷಯವನ್ನು ಬಲ್ಲವರು ಹೇಳಿಯಾಗಿದೆ. ನಾನು ಕರೆಂಟಿನ ಬಗ್ಗೆ ಹೇಳುತ್ತೇನೆ, ಏಕೆಂದರೆ ರೋಗದ ಮೂಲ ಅದೇ. ರೌಟರಿಗೆ ಚಿಕ್ಕ ಬ್ಯಾಟರಿ ಯುಪಿಎಸ್ ಒಂದನ್ನು ಹಾಕಿಬಿಟ್ಟರೆ ಅದು ವಿಳಾಸಗಳ ಲೆಕ್ಕವನ್ನು ಮರೆಯುವ ಪ್ರಸಂಗವೇ ಅಪರೂಪವಾಗುತ್ತದೆ. ಇಂಕ್ ಟ್ಯಾಂಕ್ ಪ್ರಿಂಟರ್ ಮುದ್ರಿಸುವಾಗಲೂ ಸಾಮಾನ್ಯವಾಗಿ 20 ವ್ಯಾಟಿನ ಆಸುಪಾಸಿನಲ್ಲೇ ವಿದ್ಯುತ್ ಬಳಸುವುದರಿಂದ ಮನೆಯ ಇನ್ವರ್ಟರಿನ ಮೇಲೆ ಧಾರಾಳವಾಗಿ ನಡೆಯುತ್ತದೆ. ಲೇಸರ್ ಪ್ರಿಂಟರ್ ಇರುವವರು ಮಾತ್ರ ಇದನ್ನು ಅನುಸರಿಸಬಾರದು. ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಅದರ ಬಿಸಿ ಉರುಳೆ ಕಾಯುವಾಗ ಒಮ್ಮೆಲೇ ನೂರಾರು ವ್ಯಾಟ್ ಎಳೆಯುತ್ತದೆ, ಚಿಕ್ಕ ಯುಪಿಎಸ್ ಅದನ್ನು ತಾಳದು.

ಇನ್ನೊಂದು ಮಾತು. ಇಂಕ್ ಪ್ರಿಂಟರನ್ನು ಗೋಡೆಯ ಸ್ವಿಚ್ಚಿನಿಂದ ಆರಿಸುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಅದರದೇ ಗುಂಡಿಯನ್ನು ಒತ್ತಿ ಆರಿಸಿದಾಗ ಶಾಯಿಯ ತಲೆ ತನ್ನ ಮುಚ್ಚಳದ ಜಾಗಕ್ಕೆ ಹೋಗಿ ಕೂರುತ್ತದೆ. ಇಲ್ಲವಾದರೆ ತೆರೆದೇ ಉಳಿದು ಶಾಯಿ ಒಣಗಬಹುದು.

ತೋಟದಮನೆ_ಸಾಗರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ದಾರಿಹೋಕ ಸರ್ ಹೇಳಿದಂತೆ ರೌಟರಿನ ಪಟ್ಟಿಯನ್ನು ನೋಡಿದಾಗ 192.168.1.5 ಅನ್ನು ಹಿಡಿದುಕೊಂಡಿದ್ದದ್ದು ಹಜಾರದ ಟಿವಿ ಎಂದು ತಿಳಿಯಿತು. ವಿಳಾಸವನ್ನು ಪ್ರಿಂಟರಿನ ಹೆಸರಿಗೆ ಕಾಯ್ದಿರಿಸಿ, ಅದೇ ಕ್ರಮದಲ್ಲಿ ಎಲ್ಲವನ್ನೂ ಚಾಲೂ ಮಾಡಿದೆ. ಸರತಿಯಲ್ಲಿ ನಿಂತಿದ್ದ ಪುಟಗಳೆಲ್ಲ ತಾವಾಗಿಯೇ ಮುದ್ರಣವಾದವು, ಸ್ಕ್ಯಾನ್ ಕೂಡ ನಡೆಯುತ್ತಿದೆ. ಅದಾದ ಮೇಲೆ ಕರೆಂಟು ಹೋಗಿ ಬಂದರೂ ವಿಳಾಸ ಬದಲಾಗಿಲ್ಲ. ಮಗಳ ಲ್ಯಾಪ್‌ಟಾಪಿನದೊಂದು ಉಳಿದಿದೆ. ಅವಳು ಬಳಸುವುದೂ ವಿಂಡೋಸ್ 11. ಕೆಲಸದ ವೇಳೆಯಲ್ಲಿ ಕಚೇರಿಯ ವಿಪಿಎನ್ (ಲ್ಯಾಪ್‌ಟಾಪನ್ನು ಇಂಟರ್ನೆಟ್ ಮೂಲಕ ಕಚೇರಿಯ ಜಾಲಕ್ಕೆ ಜೋಡಿಸುವ ಸುರಕ್ಷಿತ ಸಂಪರ್ಕ) ಸದಾ ಚಾಲೂ ಇರುತ್ತದೆಯಂತೆ.

ಧಾರವಾಡ_ದಾರಿಹೋಕ

ವಿಪಿಎನ್ ಇದ್ದರೆ ಬಹುಶಃ ಅದೇ ಕಾರಣ. ಹಲವು ಕಂಪನಿಗಳು ಲ್ಯಾಪ್‌ಟಾಪಿನ ಎಲ್ಲ ಸಂಚಾರವನ್ನೂ ಕಚೇರಿಯ ಜಾಲದ ಮೂಲಕವೇ ಹಾಯಿಸುತ್ತವೆ, ಆಗ ಪಕ್ಕದ ಕೋಣೆಯಲ್ಲಿರುವ ಪ್ರಿಂಟರೂ ಕಾಣುವುದಿಲ್ಲ. ವಿಪಿಎನ್ ಆರಿಸಿದ ಹೊತ್ತಿನಲ್ಲಿ ಪರೀಕ್ಷಿಸಲು ಹೇಳಿ. ಆಗಲೂ ಕಾಣದಿದ್ದರೆ ವೈ-ಫೈ ಜಾಲದ ಗುಣಲಕ್ಷಣಗಳಲ್ಲಿ ‘ಪಬ್ಲಿಕ್’ ಎಂದಿದೆಯೇ ನೋಡಬೇಕು. ವಿಂಡೋಸ್ 11 ಹೊಸ ಜಾಲವನ್ನು ಹಾಗೆಯೇ ಪರಿಗಣಿಸುತ್ತದೆ, ಮತ್ತು ಆ ಸ್ಥಿತಿಯಲ್ಲಿ ಸುತ್ತಲಿನ ಸಾಧನಗಳನ್ನು ಹುಡುಕುವುದಕ್ಕೆ ತಡೆಯಿರುತ್ತದೆ. ಮನೆಯ ಜಾಲವಾದ್ದರಿಂದ ‘ಪ್ರೈವೇಟ್’ ಎಂದು ಬದಲಿಸಬಹುದು. ಅದಕ್ಕೂ ಕಂಪನಿಯ ಬೀಗ ಬಿದ್ದಿದ್ದರೆ ಅದನ್ನು ತಪ್ಪಿಸುವ ಉಪಾಯಗಳನ್ನು ಹುಡುಕಲು ಹೋಗಬೇಡಿ, ಅವಳ ಕೆಲಸಕ್ಕೆ ತೊಂದರೆಯಾದೀತು. ಕಂಪನಿಯ ಐಟಿ ವಿಭಾಗದವರಿಗೆ ಬರೆದು, ಮನೆಯ ಪ್ರಿಂಟರಿಗೆ ಅನುಮತಿ ಇದೆಯೇ ಎಂದು ಕೇಳಲಿ. ಕಚೇರಿಗೆ ಸಂಬಂಧಿಸದ ಸ್ವಂತ ಕಾಗದಗಳನ್ನು ಅವಳು ತನ್ನ ಫೋನಿನಿಂದಲೇ ಮುದ್ರಿಸಿಕೊಳ್ಳಬಹುದು.