ಬ್ಯಾಕ್ ಗೇರ್ ಹಾಕಿದರೆ ಸ್ಪಿಂಡಲ್ ತಿರುಗುವುದೇ ಇಲ್ಲ, ಏಕೆ?

ಪ್ರಶ್ನೆ: ಮೂರು ಮೆಟ್ಟಿಲಿನ ಕೋನ್ ಪುಲಿ (ಬೆಲ್ಟ್ ಸರಿಸಿ ವೇಗ ಬದಲಿಸುವ ಚಕ್ರ) ಇರುವ ಹಳೆಯ ಲೇತ್‌ನಲ್ಲಿ 200 ಮಿ.ಮೀ. ವ್ಯಾಸದ ಎರಕದ ಕಬ್ಬಿಣದ ಫ್ಲ್ಯಾಂಜ್ ಟರ್ನಿಂಗ್ ಮಾಡಬೇಕಿದೆ. ಅತಿ ಕಡಿಮೆ ವೇಗವೇ ನಿಮಿಷಕ್ಕೆ 200 ಸುತ್ತು ಇರುವುದರಿಂದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನ ಮೊನೆ ಸುಟ್ಟುಹೋಗುತ್ತಿದೆ. ಹಿಂಬದಿಯ ಲಿವರ್ ಎಳೆದು, ವೇಗ ತಗ್ಗಿಸುವ ಬ್ಯಾಕ್ ಗೇರ್ ಹಾಕಿದರೆ, ಕೆಲಸದ ತುಂಡನ್ನು ತಿರುಗಿಸುವ ಸ್ಪಿಂಡಲ್ ಮಿಸುಕುವುದಿಲ್ಲ, ಬೆಲ್ಟ್ ಜಾರಿ ಕಿರುಗುಟ್ಟುತ್ತದೆ. ಗೇರ್ ಕೆಟ್ಟಿರಬಹುದೇ?

ಉತ್ತರ: ಗೇರ್ ಕೆಟ್ಟಿಲ್ಲ, ಬುಲ್ ಗೇರಿನ ಪಿನ್ ಇನ್ನೂ ಒಳಗೇ ಇದೆ. ಕೋನ್ ಪುಲಿ ಸ್ಪಿಂಡಲ್ ಮೇಲೆ ಸಡಿಲವಾಗಿ ಕೂತಿರುತ್ತದೆ. ತುಂಡನ್ನು ಕಚ್ಚಿ ಹಿಡಿಯುವ ಚಕ್ಕಿನ ಪಕ್ಕದ ದೊಡ್ಡ ಬುಲ್ ಗೇರ್ ಮಾತ್ರ ಸ್ಪಿಂಡಲ್‌ಗೆ ಕೀಲಿಯಿಂದ ಬಿಗಿದಿರುತ್ತದೆ. ಇವೆರಡನ್ನೂ ಜೋಡಿಸುವ ಪಿನ್ ತೆಗೆಯದೆ ಬ್ಯಾಕ್ ಗೇರ್ ಹಾಕಿದರೆ, ಒಂದೇ ಸ್ಪಿಂಡಲ್‌ಗೆ ಏಕಕಾಲದಲ್ಲಿ ಎರಡು ವೇಗಗಳನ್ನು ಹೇಳಿದಂತಾಗಿ ಹೆಡ್‌ಸ್ಟಾಕ್ (ಸ್ಪಿಂಡಲ್ ಕೂತಿರುವ ಭಾಗ) ಬಿಗಿದುಕೊಳ್ಳುತ್ತದೆ.

ಮೋಟಾರ್ ನಿಲ್ಲಿಸಿ, ಮೇನ್ ಸ್ವಿಚ್ಚನ್ನೂ ಆರಿಸಿ, ಮೊದಲು ಲಿವರನ್ನು ಹಿಂದಕ್ಕೆ ತಳ್ಳಿ. ಬುಲ್ ಗೇರಿನ ಮುಖದಲ್ಲಿರುವ ಗುಂಡಿಯಂಥ ಪಿನ್ನನ್ನು ಹೊರಗೆಳೆಯಿರಿ. ಕೆಲವು ಲೇತ್‌ಗಳಲ್ಲಿ ಅದರ ಬದಲು ಸಡಿಲಿಸಿ ಸರಿಸಬೇಕಾದ ಬೋಲ್ಟ್ ಇರುತ್ತದೆ. ಪಿನ್ ಹಟ ಹಿಡಿದರೆ ಸುತ್ತಿಗೆಗೆ ಕೈ ಹಾಕದೆ, ಒಂದು ಕೈಯಲ್ಲಿ ಚಕ್ ಹಿಡಿದು ಇನ್ನೊಂದರಲ್ಲಿ ಬೆಲ್ಟನ್ನು ಹಿಂದೆ ಮುಂದೆ ಆಡಿಸಿದರೆ, ಅದರ ಮೇಲಿನ ಒತ್ತಡ ತಪ್ಪಿ ಸಲೀಸಾಗಿ ಬರುತ್ತದೆ. ಪುಲಿ ಒಂಟಿಯಾಗಿ ತಿರುಗುತ್ತದೆಯೇ ಎಂದು ಕೈಯಲ್ಲೇ ನೋಡಿಕೊಂಡು ಬ್ಯಾಕ್ ಗೇರ್ ಹಾಕಿ.

ನಿಮ್ಮ ಫ್ಲ್ಯಾಂಜಿನ ಅಂಚು ಈಗ ನಿಮಿಷಕ್ಕೆ ಸುಮಾರು 126 ಮೀಟರ್ ವೇಗದಲ್ಲಿ ಓಡುತ್ತಿದೆ. ಎಚ್‌ಎಸ್‌ಎಸ್ ಟೂಲಿಗೆ 20 ಮೀಟರ್ ಸಾಕು. ಬ್ಯಾಕ್ ಗೇರಿನ ಎರಡೂ ಜೋಡಿಗಳಲ್ಲಿ 28 ಹಲ್ಲಿನ ಗೇರ್ 70 ಹಲ್ಲಿನದನ್ನು ತಿರುಗಿಸುವಂತಿದ್ದರೆ ವೇಗ 6.25 ಪಟ್ಟು ತಗ್ಗಿ 32 ಸುತ್ತಿಗೆ ಇಳಿಯುತ್ತದೆ. ನಿಮ್ಮ ಗೇರ್‌ಗಳ ಹಲ್ಲುಗಳನ್ನು ಎಣಿಸಿ ನೋಡಿ.

ಮರುಪ್ರಶ್ನೆ: ಪಿನ್ ತೆಗೆದ ಮೇಲೆ ಸ್ಪಿಂಡಲ್ ನಿಧಾನವಾಗಿ ತಿರುಗಿತು, ಧನ್ಯವಾದಗಳು. ಗೇರ್ ಸ್ವಲ್ಪ ಗುರುಗುಟ್ಟುತ್ತದೆ. ಬಿಗಿದುಕೊಳ್ಳುವ ಆ ಗುಣವನ್ನು ಚಕ್ ಬಿಚ್ಚಲು ಬಳಸಬಹುದೇ?

ಉತ್ತರ: ಬಹಳ ಮಂದಿ ಬಳಸುತ್ತಾರೆ, ಬುಲ್ ಗೇರಿನಲ್ಲಿ ಒಂದೆರಡು ಹಲ್ಲು ಮುರಿದ ಹಳೆಯ ಲೇತ್‌ಗಳು ಕಾಣಸಿಗುವುದೂ ಅದರಿಂದಲೇ. ಎರಕದ ಕಬ್ಬಿಣದ ಹಲ್ಲು ಏಟು ತಾಳುವುದಿಲ್ಲ. ಚಕ್ಕಿನಲ್ಲಿ ಉದ್ದನೆಯ ಸರಳು ಕಚ್ಚಿಸಿ, ಬೆಲ್ಟ್ ಬಿಗಿಯಾಗಿ ಹಿಡಿದು ಬಿಚ್ಚಿ. ನೇರ ಹಲ್ಲಿನ ಗೇರ್‌ಗಳು ಸ್ವಲ್ಪ ಸದ್ದು ಮಾಡುವುದು ಸಹಜ. ಆದರೂ ಹಲ್ಲುಗಳ ನಡುವೆ ಕಾಗದದ ಪಟ್ಟಿ ಹಾಯಿಸಿ ನೋಡಿ: ಅದು ಮಡಿಕೆಬಿದ್ದು, ಹರಿಯದೆ ಹೊರಬರಬೇಕು. ಬ್ಯಾಕ್ ಗೇರಿನಲ್ಲಿ ಪುಲಿ ಸ್ಪಿಂಡಲ್‌ನ ಮೇಲೆ ಬೇರೆ ವೇಗದಲ್ಲಿ ಉಜ್ಜುವುದರಿಂದ, ಪುಲಿಯ ಮೆಟ್ಟಿಲಿನಲ್ಲಿರುವ ಚಿಕ್ಕ ಸ್ಕ್ರೂ ತೆಗೆದು, ಪ್ರತಿ ಸಲವೂ ಆ ತೂತಿಗೆ ಎಣ್ಣೆ ಬಿಡಿ.