ಮಳೆ ಹೊಡೆತಕ್ಕೆ ನೆಟ್‌ವರ್ಕ್ ಹೋದ್ರೆ ಎಲ್ಲೆಲ್ಲಿ ಹೋಗಿದೆ ಅಂತ ಜನಕ್ಕೆ ಹೇಳೋರು ಯಾರು?

ಪಿನಾಕಿನಿ ದಂಡೆ, ಗೌರಿಬಿದನೂರು: 2021ರ ನವೆಂಬರ್ ಮಳೆ ನೆನಪಿದೆಯಲ್ಲ. ಊರಿಗೆ ಫೋನ್ ಹೋಗದಿದ್ರೆ, ಅವರ ಮೊಬೈಲ್ ಆಫ್ ಆಗಿದೆಯೋ ಟವರೇ ಸತ್ತಿದೆಯೋ ಹೇಗೆ ಗೊತ್ತಾಗ್ಬೇಕು? ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತ ಆದ್ಮೇಲೆ, 2007ರಿಂದ ಡಿಐಆರ್‌ಎಸ್ ಅಂತ, ನೆಟ್‌ವರ್ಕ್ ಎಲ್ಲೆಲ್ಲಿ ಹೋಗಿದೆ ಅಂತ ವರದಿ ಮಾಡೋ ವ್ಯವಸ್ಥೆ ಇದೆ. ವಿಪತ್ತು ಬಂದಾಗ ಫೋನ್ ಕಂಪನಿಗಳು ಎಷ್ಟು ಟವರ್ ಬಂದ್ ಅಂತ ದಿನಾ ಲೆಕ್ಕ ಕೊಡ್ತವೆ, ಅಲ್ಲಿನ ಟೆಲಿಕಾಂ ನಿಯಂತ್ರಕ ಎಫ್‌ಸಿಸಿ ಅದನ್ನ ಕೌಂಟಿವಾರು (ನಮ್ಮ ಜಿಲ್ಲೆ ಥರ) ಪ್ರಕಟಿಸುತ್ತೆ. 2017ರಲ್ಲಿ ಮರಿಯಾ ಚಂಡಮಾರುತ ಬಡಿದಾಗ ಅಮೆರಿಕದ ದ್ವೀಪ ಪೋರ್ಟೊರಿಕೊದಲ್ಲಿ ನೂರಕ್ಕೆ 95 ಟವರ್ ಸೈಟ್ ಬಂದ್ ಅನ್ನೋದು ಹಾಗೇ ಹೊರಗೆ ಬಂದಿದ್ದು. ನಮಗೂ ತಾಲ್ಲೂಕುವಾರು ಬೇಡ್ವಾ?

ಟವರ್ ಟೆಕ್ನಿಷಿಯನ್, ಕೋಲಾರ: ಮಾಹಿತಿ ಇದೆ ಸಾರ್, ಹೊರಗೆ ಬಿಡಲ್ಲ ಅಷ್ಟೇ. ಟವರ್ ಮುರಿದು ಬೀಳೋದು ಅಪರೂಪ. ಕರೆಂಟ್ ಹೋಗುತ್ತೆ, ಬ್ಯಾಟರಿ ಒಂದಷ್ಟು ಗಂಟೆ ಎಳೆಯುತ್ತೆ, ಆಮೇಲೆ ಜನರೇಟರ್‌ಗೆ ಡೀಸೆಲ್ ಬೇಕು. ಕೆರೆ ಕೋಡಿ ಹರಿದು ರಸ್ತೆ ಕಿತ್ಹೋಗಿದ್ರೆ ಕ್ಯಾನ್ ಹೊತ್ಕೊಂಡು ಯಾರು ಹೋಗ್ತಾರೆ? ಮೋರಿ ಕೊಚ್ಚಿಹೋದ್ರೆ ಅದರ ಪಕ್ಕ ಹೂತಿರೋ ಫೈಬರೂ ಹೋಯ್ತು. ಇದೆಲ್ಲಾ ಕಂಟ್ರೋಲ್ ರೂಮಿನ ಸ್ಕ್ರೀನಲ್ಲಿ ಅಲಾರಂ ಆಗಿ ಬರ್ತಾನೇ ಇರುತ್ತೆ.

ಬಂಗಾರದ ಗಣಿ: ಯಾವ ಟವರ್ ಕತ್ತಲಲ್ಲಿದೆ ಅಂತ ಹಾಕಿಬಿಡಿ, ಬ್ಯಾಟರಿ ಕಳ್ಳರಿಗೆ ಅಡ್ರೆಸ್ ಕೊಟ್ಟ ಹಾಗಾಯ್ತು.

ಪಿನಾಕಿನಿ ದಂಡೆ: ಅಣ್ಣ, ಒಂದೊಂದೇ ಟವರ್ ಹೆಸರು ಅಮೆರಿಕದಲ್ಲೂ ಹಾಕಲ್ಲ. ಕಂಪನಿವಾರು ವಿವರ ಗೋಪ್ಯ, ಒಟ್ಟು ಲೆಕ್ಕ ಮಾತ್ರ ಬಹಿರಂಗ.

ಪಾವಗಡದ ಮೇಷ್ಟ್ರು: ನಿಯಮವೇ ಇಲ್ಲ ಅಂತಲ್ಲ. ನಮ್ಮ ದೇಶದ ಟೆಲಿಕಾಂ ನಿಯಂತ್ರಕ ಟ್ರಾಯ್‌ನ 2024ರ ನಿಯಮದ ಪ್ರಕಾರ ಜಿಲ್ಲೆಯಲ್ಲಿ 4 ಗಂಟೆ ಮೀರಿ ಸೇವೆ ನಿಂತರೆ 24 ಗಂಟೆಯೊಳಗೆ ವರದಿ ಕೊಡಬೇಕು. ತೊಡಕಿರೋದು ಆ 'ಜಿಲ್ಲೆ'ಯಲ್ಲೇ. ನಮ್ಮ ತಾಲ್ಲೂಕು ತುಮಕೂರು ಜಿಲ್ಲೆಗೆ ಸೇರಿದ್ರೂ ಸುತ್ತ ಬಹುಪಾಲು ಆಂಧ್ರ. ಇಲ್ಲಿ ಎರಡು ದಿನ ಫೋನ್ ಸತ್ತರೂ ತುಮಕೂರು ಪೇಟೇಲಿ ರೀಲ್ಸ್ ಓಡ್ತಿದ್ರೆ ಜಿಲ್ಲೆ ಸುಖವಾಗಿದೆ ಅಂತಲೇ ಲೆಕ್ಕ.

ಕೊರಟಗೆರೆ ಹುಡುಗ: ಪಂಚಾಯ್ತಿಗಳಲ್ಲಿ ಕೆಎಸ್‌ಎನ್‌ಡಿಎಂಸಿಯ (ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ) ಮಳೆಮಾಪಕ ಇದೆಯಲ್ಲ ಸಾರ್, 15 ನಿಮಿಷಕ್ಕೊಮ್ಮೆ ಮೊಬೈಲ್ ನೆಟ್‌ವರ್ಕ್ ಮೇಲೇ ಡೇಟಾ ಕಳಿಸುತ್ತೆ. ಅದು ಸುಮ್ಮನಾದ್ರೆ ಆ ಊರಲ್ಲಿ ನೆಟ್‌ವರ್ಕ್ ಇಲ್ಲ ಅಂತ ಹಿಡೀಬಹುದಲ್ವಾ? ಕಂಪನಿ ಕಾಲು ಹಿಡಿಯೋದು ತಪ್ಪುತ್ತೆ.

ಟವರ್ ಟೆಕ್ನಿಷಿಯನ್: ಐಡಿಯಾ ಚೆನ್ನಾಗಿದೆ, ಆದ್ರೆ ಅದರೊಳಗೆ ಇರೋ ಸಿಮ್ ಯಾವ ಕಂಪನಿದೋ ಆ ಒಂದು ಕಂಪನಿ ಕಥೆ ಮಾತ್ರ ಅದು ಹೇಳುತ್ತೆ. ಸೋಲಾರ್ ಬ್ಯಾಟರಿ ಕೈಕೊಟ್ರೂ ಸುಮ್ಮನಾಗುತ್ತೆ. ಅನುಮಾನ ಪಡೋಕೆ ಸಾಕು, ವರದಿ ಬರೆಯೋಕೆ ಸಾಲಲ್ಲ. ನನ್ನ ಕೇಳಿದ್ರೆ ಕಾರಣವಾರು ಕೊಡ್ಲಿ: ಕರೆಂಟ್ ಇಲ್ದೆ ಎಷ್ಟು, ಫೈಬರ್ ತುಂಡಾಗಿ ಎಷ್ಟು, ಸೈಟೇ ಹಾಳಾಗಿ ಎಷ್ಟು. ಅಮೆರಿಕದ ವರದೀಲೂ ಹೀಗೇ ಬಿಡಿಸಿರ್ತಾರೆ. ಆಗ ಬೆಸ್ಕಾಂನವರು ಮೊದಲು ಯಾವ ಫೀಡರ್ (ಕರೆಂಟ್ ಲೈನ್) ಸರಿಮಾಡಬೇಕು ಅಂತ ಗೊತ್ತಾಗುತ್ತೆ.

ಬಂಗಾರದ ಗಣಿ: ಒಟ್ಟು ಲೆಕ್ಕ ಅಂದ್ರೆ ಒಪ್ಕೋತೀನಿ. ಹೋಬಳಿಗಿಂತ ಕೆಳಗೆ ಬೇಡ.

ಪಾವಗಡದ ಮೇಷ್ಟ್ರು: ಹೋಬಳಿ ಸಾಕು. ಆದ್ರೆ ವೆಬ್‌ಸೈಟಲ್ಲಿ ಹಾಕಿ ಕೈ ತೊಳ್ಕೊಂಡ್ರೆ ಆಗಲ್ಲ. ನೆಟ್ ಇಲ್ಲದ ಊರಿನೋರು ಅದನ್ನ ನೋಡೋದು ಯಾವುದರಲ್ಲಿ? ನಾಡಕಚೇರಿ ಬೋರ್ಡ್ ಮೇಲೂ ಬರೆಸಿ, ಆಕಾಶವಾಣೀಲೂ ಓದಿಸಿ.