ಪದಚರ್ಚೆ: ನಾಣ್ಯವನ್ನು ‘ಕೆತ್ತಿದವರು’ ಯಾರು?

ಪ್ರಶ್ನೆ

ಮಾನ್ಯರೇ,
ಅಮೆರಿಕದ ಸ್ಮರಣಾರ್ಥ ನಾಣ್ಯಗಳ ಕುರಿತ ಒಂದು ಅನುವಾದದಲ್ಲಿ ಡಿಸೈನರ್, ಸ್ಕಲ್ಪ್ಟರ್, ಎನ್‌ಗ್ರೇವರ್ ಮೂರೂ ಒಟ್ಟೊಟ್ಟಿಗೆ ಬರುತ್ತವೆ. ಕರಡಿನಲ್ಲಿರುವ ವಾಕ್ಯ: ‘1928ರ ಹವಾಯಿ ಅರ್ಧ ಡಾಲರನ್ನು ಕೆತ್ತಿದವರು ಜೂಲಿಯೆಟ್ ಮೇ ಫ್ರೇಸರ್ ಮತ್ತು ಚೆಸ್ಟರ್ ಬೀಚ್.’ ಇಲ್ಲಿ ‘ಕೆತ್ತು’ ಸಲ್ಲುತ್ತದೆಯೇ? ನಾಣ್ಯ ತಯಾರಿಕೆಯ ಉಕ್ಕಿನ ಉಪಕರಣಗಳಾದ ಹಬ್, ಡೈ ಎರಡಕ್ಕೂ ‘ಅಚ್ಚು’ ಎಂದರೆ ಸಾಕೇ?

ಉತ್ತರ 1

ಸಲ್ಲದು. ಹೊನೊಲುಲುವಿನ ಫ್ರೇಸರ್ ಚಿತ್ರ ಬರೆದುಕೊಟ್ಟರು, ಬೀಚ್ ಅದನ್ನು ಉಬ್ಬುಶಿಲ್ಪದ ಮಾದರಿಗೆ ಇಳಿಸಿದರು. ಒಂದೇ ಕ್ರಿಯಾಪದಕ್ಕೆ ಇಬ್ಬರನ್ನೂ ಕಟ್ಟಿದರೆ ಯಾರ ಪಾಲು ಏನೆಂಬುದೇ ಅಳಿಸಿಹೋಗುತ್ತದೆ.

ಆ ಕಾಲದ ಕ್ರಮ ಹೀಗಿತ್ತು. ಶಿಲ್ಪಿ ಜೇಡಿಯಲ್ಲೋ ಮೇಣದಲ್ಲೋ ರೂಪಿಸಿ, ಪ್ಲಾಸ್ಟರಿನಲ್ಲಿ ಎರಕ ತೆಗೆದು, ನಾಣ್ಯಕ್ಕಿಂತ ಹಲವು ಪಟ್ಟು ದೊಡ್ಡ ಮಾದರಿ ಒಪ್ಪಿಸುತ್ತಿದ್ದರು. ಅದರಿಂದ ಗಟ್ಟಿ ಲೋಹದ ಪ್ರತಿ ತೆಗೆದು ಜಾನ್ವಿಯೇ ಯಂತ್ರಕ್ಕೆ ಏರಿಸುತ್ತಿದ್ದರು. ಯಂತ್ರದ ಒಂದು ಮೊನೆ ದೊಡ್ಡ ಮಾದರಿಯ ಮೇಲೆ ಸವರುತ್ತ ಸಾಗಿದರೆ, ಇನ್ನೊಂದು ಕಡೆ ತಿರುಗುವ ಉಳಿ ಅದೇ ಏರಿಳಿತವನ್ನು ಚಿಕ್ಕದಾಗಿ ಉಕ್ಕಿನಲ್ಲಿ ಕೊರೆಯುತ್ತದೆ. ಹಾಗೆ ಸಿಗುವುದೇ ಹಬ್. ಅದರ ಮೇಲೆ ಚಿತ್ರ ನಾಣ್ಯದ ಹಾಗೆಯೇ ಉಬ್ಬಿರುತ್ತದೆ, ಅಕ್ಷರ ನೇರವಾಗಿ ಓದುತ್ತದೆ. ಹಬ್ಬನ್ನು ಗಟ್ಟಿಗೊಳಿಸಿ ಮೆದು ಉಕ್ಕಿಗೆ ಒತ್ತಿದಾಗ ಆಗುವುದು ಡೈ: ಚಿತ್ರ ತಗ್ಗು, ಅಕ್ಷರ ತಿರುಗುಮುರುಗು. ಲೋಹದ ಬಿಲ್ಲೆಗೆ ಏಟು ಹಾಕಿ ನಾಣ್ಯ ಮಾಡುವುದು ಈ ಡೈಯಿಂದಲೇ. ಇವೆರಡಕ್ಕೂ ‘ಅಚ್ಚು’ ಎಂದರೆ ‘ಅಚ್ಚಿನಿಂದ ಅಚ್ಚು ತೆಗೆದರು’ ಎಂಬ ಗೋಜಲು ಖಚಿತ. ‘ಉಬ್ಬಚ್ಚು’, ‘ತಗ್ಗಚ್ಚು’ ಎಂದರೆ ವಿವರಣೆಯೇ ಬೇಡ.

ಇಳಿಕೆಯ ಲೆಕ್ಕವೂ ಪದದ ಆಯ್ಕೆಗೆ ನೆರವಾಗುತ್ತದೆ. ಅರ್ಧ ಡಾಲರಿನ ವ್ಯಾಸ 30.6 ಮಿ.ಮೀ. ಮಾದರಿ 200 ಮಿ.ಮೀ. ಇದ್ದರೆ ಆರೂವರೆ ಪಟ್ಟು ಇಳಿಕೆ, ಅಂದರೆ ಮಾದರಿಯಲ್ಲಿ 1 ಮಿ.ಮೀ. ಅಗಲದ ಗೆರೆ ನಾಣ್ಯದಲ್ಲಿ 0.15 ಮಿ.ಮೀ. ಮಾತ್ರ. ಕಾಗದದ ಮೇಲೆ ಸೊಗಸಾಗಿದ್ದ ಸಣ್ಣ ಗೆರೆ ಹೀಗೆ ಮಾಯವಾಗುತ್ತದೆ. ಉಬ್ಬು ಹೆಚ್ಚಾದರೂ ಕಷ್ಟ, ಒಂದೇ ಏಟಿಗೆ ಲೋಹ ತಗ್ಗಿನ ತಳ ಮುಟ್ಟುವುದಿಲ್ಲ. ಒಂದು ಬದಿಯ ಕೆನ್ನೆಯ ಉಬ್ಬಿಗೆ ಸರಿಯಾಗಿ ಇನ್ನೊಂದು ಬದಿಯಲ್ಲೂ ಉಬ್ಬು ಬಂದರಂತೂ ಎರಡೂ ಮಸುಕು. ಅಂಚುಗಳಿಗೆ ಇಳಿಜಾರು ಬಿಡದಿದ್ದರೆ ನಾಣ್ಯ ತಗ್ಗಚ್ಚಿನಿಂದ ಸಲೀಸಾಗಿ ಬಿಡುವುದಿಲ್ಲ. ಇದನ್ನೆಲ್ಲ ಅರಿತು ಮಾದರಿ ಮಾಡುವವರು ‘ಶಿಲ್ಪಿ’, ಚಿತ್ರ ಕೊಟ್ಟವರು ‘ವಿನ್ಯಾಸಕಾರರು’.

ಎರಡೂ ಒಬ್ಬರೇ ಆಗಿರುವುದುಂಟು. 1921ರ ಅಲಬಾಮಾ ಅರ್ಧ ಡಾಲರಿನ ಲಾರಾ ಗಾರ್ಡಿನ್ ಫ್ರೇಸರ್ ಸ್ವತಃ ಶಿಲ್ಪಿ. ಅಮೆರಿಕದ ಸ್ಮರಣಾರ್ಥ ನಾಣ್ಯ ವಿನ್ಯಾಸಗೊಳಿಸಿದ ಮೊದಲ ಮಹಿಳೆ. ಹವಾಯಿ ನಾಣ್ಯದ ಫ್ರೇಸರ್ ಬೇರೆಯವರು, ಬರೇ ‘ಫ್ರೇಸರ್’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. 1926ರ ಆರೆಗಾನ್ ಟ್ರೇಲ್ ನಾಣ್ಯದಲ್ಲಂತೂ ಲಾರಾ ಜೊತೆಗೆ ಪತಿ ಜೇಮ್ಸ್ ಅರ್ಲ್ ಫ್ರೇಸರ್ ಕೂಡ ಇದ್ದಾರೆ!

ಇನ್ನು ‘ಚೀಫ್ ಎನ್‌ಗ್ರೇವರ್’ ಹುದ್ದೆಯ ಹೆಸರು. ಮೊದಲ ಸ್ಮರಣಾರ್ಥ ನಾಣ್ಯವಾದ 1892ರ ಕೊಲಂಬಸ್ ಅರ್ಧ ಡಾಲರಿನ ಮುಂಬದಿ ಆ ಹುದ್ದೆಯಲ್ಲಿದ್ದ ಚಾರ್ಲ್ಸ್ ಬಾರ್ಬರ್ ಅವರದು. ಅದಕ್ಕೂ ಓಲಿನ್ ಲೆವಿ ವಾರ್ನರ್ ಮಾಡಿದ ಮಾದರಿ ಆಧಾರ. ಹಿಂಬದಿ ಜಾರ್ಜ್ ಮಾರ್ಗನ್ ಅವರದು.

ಉತ್ತರ 2

ಮೇಲಿನದಕ್ಕೆ ಬಹುಪಾಲು ಒಪ್ಪಿಗೆ. ಎನ್‌ಗ್ರೇವರ್‌ಗೆ ಹೊಸ ಪದ ಹೊಸೆಯುವುದು ಬೇಡ, ‘ಕಂಡರಿಸು’ ಇದ್ದೇ ಇದೆ. ನಮ್ಮ ಶಾಸನಗಳು ಬರೆದವನನ್ನೂ ಕಂಡರಿಸಿದವನನ್ನೂ ಬೇರೆ ಬೇರೆಯಾಗಿ ಹೆಸರಿಸುವುದುಂಟು. ‘ಪ್ರಧಾನ ಕಂಡರಣೆಗಾರ’ ಹುದ್ದೆಯ ಹೆಸರಾಗಿ ನಿಲ್ಲುತ್ತದೆ. ಮಿಂಟ್‌ಗೆ ಹಳೆಯ ‘ಕಮ್ಮಟ’ ಚೆಂದ, ಆದರೆ ಇಂದು ಅದು ಕವಿಗಳು ಮೂರು ದಿನ ಸೇರುವ ಶಿಬಿರವಾಗಿಬಿಟ್ಟಿದೆ. ‘ಟಂಕಸಾಲೆ’ಯೇ ಕ್ಷೇಮ.

‘ಸ್ಮಾರಕ ನಾಣ್ಯ’ ಎಂದರೆ ಗೋರಿ-ಗುಡಿ ನೆನಪಾಗುತ್ತದೆ. ‘ಸ್ಮರಣಿಕೆ’ ಎಂದರೆ ಸಭೆಯಲ್ಲಿ ಶಾಲಿನ ಜೊತೆ ಕೊಡುವ ವಸ್ತು. ಮುಖಬೆಲೆಯಿರುವ, ಕಾನೂನುಬದ್ಧ ಹಣವಾದ ನಾಣ್ಯಕ್ಕೆ ಒಗ್ಗದು. ‘ಸ್ಮರಣಾರ್ಥ’ ಸರಿ.

1946ರ ಬೂಕರ್ ಟಿ. ವಾಷಿಂಗ್ಟನ್ ನಾಣ್ಯದ ಮಾತು ಬಂದರೆ ಎಚ್ಚರ. ಅದರ ಶಿಲ್ಪಿ ಐಸಾಕ್ ಹ್ಯಾಥವೇ ಆಧಾರವಾಗಿ ಬಳಸಿದ ಲೈಫ್ ಮಾಸ್ಕ್ ‘ಮುಖವಾಡ’ವಲ್ಲ. ಬದುಕಿದ್ದವರ ಮುಖದಿಂದಲೇ ತೆಗೆದ ‘ಮುಖದಚ್ಚು’ ಅದು.

ಈಗಿನ ನಾಣ್ಯಗಳಲ್ಲಿ ಗೊಂದಲ ಕಡಿಮೆ, ಪಾಲು ಹಂಚಿಯೇ ಬರೆದಿರುತ್ತಾರೆ. 2014ರ ಬೇಸ್‌ಬಾಲ್ ನಾಣ್ಯದ ಕೈಗವಸಿನ ಚಿತ್ರ ಸ್ಪರ್ಧೆಯಲ್ಲಿ ಗೆದ್ದ ಕ್ಯಾಸಿ ಮೆಕ್‌ಫಾರ್ಲೆಂಡ್ ಅವರದು, ಶಿಲ್ಪ ಡಾನ್ ಎವರ್‌ಹಾರ್ಟ್ ಅವರದು. ಚೆಂಡಿರುವ ಹಿಂಬದಿಗೆ ಎರಡೂ ಎವರ್‌ಹಾರ್ಟ್. ಈ ನಾಣ್ಯ ತಟ್ಟೆಯಂತೆ ಬಾಗಿದೆ. ಮುಂಬದಿ ‘ತಗ್ಗು’, ಹಿಂಬದಿ ‘ಉಬ್ಬು’ ಎಂದರೆ ಉಬ್ಬಚ್ಚು-ತಗ್ಗಚ್ಚುಗಳ ಜೊತೆ ಕಲಸುಮೇಲೋಗರವಾಗುತ್ತದೆ. ಆಕಾರಕ್ಕೆ ‘ಒಳಬಾಗು’, ‘ಹೊರಬಾಗು’ ಬಳಸಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ವಂದನೆ. ತಿದ್ದಿದ ವಾಕ್ಯ: ‘1928ರ ಹವಾಯಿ ಅರ್ಧ ಡಾಲರಿನ ವಿನ್ಯಾಸ ಜೂಲಿಯೆಟ್ ಮೇ ಫ್ರೇಸರ್ ಅವರದು, ಅದರ ಉಬ್ಬುಶಿಲ್ಪದ ಮಾದರಿ ಮಾಡಿದವರು ಚೆಸ್ಟರ್ ಬೀಚ್.’